ಸಹಾಯ ಬೇಕು: ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ದುಡ್ಡು ಹಾಕಬಹುದು?

ಎಲ್ಲರಿಗೂ ನಮಸ್ಕಾರ. ನಮ್ಮದು ಬದಿಯಡ್ಕದ ಹತ್ತಿರ. ಪ್ಲಸ್ ಟು ಮುಗಿಸಿದ ಮಗನಿಗೆ ಕಂಪ್ಯೂಟರ್ ಆಟಕ್ಕೆಂದು ಗ್ರಾಫಿಕ್ಸ್ ಕಾರ್ಡ್ ಬೇಕಂತೆ. ನಾನು 25,000 ರೂಪಾಯಿ ಎಂದೆ. ಅವನ ಪಟ್ಟಿ ಶುರುವಾಗುವುದೇ 50,000ದಿಂದ. ಅಡಿಕೆ ಮಾರಿದ ದುಡ್ಡು, ಚೌಕಾಸಿ ಮಾಡದೆ ಬಿಡಲಾರೆ.

ಈಗಿರುವುದು ರೈಜನ್ 5 3600 ಪ್ರೊಸೆಸರ್, 16 ಜಿಬಿ ರ್‍ಯಾಮ್, 450 ವ್ಯಾಟಿನ ಪವರ್ ಸಪ್ಲೈ. ಮಾನಿಟರ್ 1080ಪಿ, 60 ಹರ್ಟ್ಸ್. ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸುವ ಪರದೆಗೆ ಅಷ್ಟು ದುಬಾರಿ ಕಾರ್ಡ್ ಏಕೆ ಎಂಬುದು ನನ್ನ ವಾದ. “ಮಾನಿಟರ್ ಆಮೇಲೆ ಬದಲಿಸಬಹುದಲ್ಲ ಅಪ್ಪಾ” ಎನ್ನುತ್ತಾನೆ. ಅಂದರೆ ಇನ್ನೊಂದು ಖರ್ಚು!

ನನ್ನ ಕಣ್ಣು ಆರ್‌ಎಕ್ಸ್ 6600 ಕಾರ್ಡಿನ ಮೇಲಿದೆ: ಅದರದೇ ಮೆಮೊರಿ 8 ಜಿಬಿ, 132 ವ್ಯಾಟ್. ಅವನು ಹಟ ಸಡಿಲಿಸಿ 12 ಜಿಬಿಯ ಆರ್‌ಟಿಎಕ್ಸ್ 3060ಕ್ಕೆ ಇಳಿದಿದ್ದಾನೆ. ಅದು 170 ವ್ಯಾಟ್ ಎಳೆಯುತ್ತದೆ, ಕಂಪನಿ ಹೇಳುವುದು 550 ವ್ಯಾಟಿನ ಪವರ್ ಸಪ್ಲೈ. ಹಾಗಾದರೆ ಅದನ್ನೂ ಬದಲಿಸಬೇಕು. ಮಳೆಗಾಲದ ಸಿಡಿಲು, ವೋಲ್ಟೇಜ್ ಏರಿಳಿತ ಗೊತ್ತೇ ಇದೆ; ಯುಪಿಎಸ್‌ಗೂ ಸ್ವಲ್ಪ ಎತ್ತಿಡಬೇಕು.

ಮುಂದಿನ ಮೂರು ನಾಲ್ಕು ವರ್ಷಕ್ಕೆ 8 ಜಿಬಿ ಸಾಕೇ? ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡವರಿದ್ದರೆ, ಬಿಲ್ಲು ಮತ್ತು ವಾರಂಟಿ ಹೊರತಾಗಿ ಅಂಗಡಿಯಲ್ಲೇ ಏನನ್ನು ಪರೀಕ್ಷಿಸಬೇಕು ಎಂದು ದಯವಿಟ್ಟು ತಿಳಿಸಿ. “ಇನ್ನೂ ಹತ್ತು ಸಾವಿರ ಸೇರಿಸಿ” ಎನ್ನುವವರು ಏಕೆಂದೂ ಬರೆಯಿರಿ, ಮಗನೂ ಇದನ್ನು ಓದುತ್ತಿದ್ದಾನೆ.