ಎಂಟನೇ ತರಗತಿ ಮುಗಿಸುವಾಗ ಮಕ್ಕಳಿಗೆ ಆರೋಗ್ಯದ ಬಗ್ಗೆ ಏನು ಗೊತ್ತಿರಬೇಕು?

ವಿಜ್ಞಾನ ಶಿಕ್ಷಕಿ, ಕೊಪ್ಪಳ ಜಿಲ್ಲೆ

ಯಲಬುರ್ಗಾ ಕಡೆಯ ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. 2020ರಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು ಆರೋಗ್ಯದ ಪಾಠ ನೋಡಿಕೊಳ್ಳಬೇಕು. ನಮ್ಮಲ್ಲಿ ಅವರಲ್ಲಿ ಒಬ್ಬಳು ನಾನು. ಒಟ್ಟು 11 ವಿಷಯ: ಆಹಾರ, ಸ್ವಚ್ಛತೆ, ಮನಸ್ಸಿನ ಆರೋಗ್ಯ, ದುಶ್ಚಟ, ಮೊಬೈಲು ಬಳಕೆ, ಹೀಗೆ. ವಿಷಯಗಳು ಚೆನ್ನಾಗಿವೆ. ಆದರೆ ಮಗು ಕಲಿತಿದೆ ಅಂತ ಯಾವಾಗ ಹೇಳೋದು?

ಮೊನ್ನೆ ಕಿರುಪರೀಕ್ಷೆಯಲ್ಲಿ 'ರಕ್ತಹೀನತೆ ಎಂದರೇನು?' ಅಂತ ಕೇಳಿದ್ದೆ. ಹುಡುಗಿಯರಲ್ಲಿ ಹೆಚ್ಚಿನವರಿಗೆ ಎರಡಕ್ಕೆ ಎರಡು ಅಂಕ ಬಂತು. ಅದೇ ವಾರ ನೀರಿನ ಟ್ಯಾಂಕಿನ ಹಿಂದೆ, ರಕ್ತಹೀನತೆ ತಡೆಯಲು ಶಾಲೆಯಲ್ಲೇ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಗಳು ಬಿದ್ದಿದ್ದವು. ಮಳೆಗೆ ನೆನೆದು ಮಣ್ಣಿಗೂ ನೀಲಿ ಹತ್ತಿತ್ತು. ಬಗ್ಗಿ ಎಣಿಸಿದೆ, ಹದಿನೇಳು.

ಬೈಯಲಿಲ್ಲ. ಹತ್ತಿರ ಕೂರಿಸಿಕೊಂಡು ಕೇಳಿದೆ. "ಹೊಟ್ಟಿ ತೊಳಸ್ತೈತ್ರಿ ಟೀಚರ್" ಅಂದಳು ಒಬ್ಬಳು. ಇನ್ನೊಬ್ಬಳು ಎಲ್ಲರೂ ಹೋಗುವ ತನಕ ಕಾದಳು. ಆಮೇಲೆ ಕಿವಿ ಹತ್ತಿರ ಬಂದು, "ಸಂಡಾಸ ಕರ್ರಗ ಆಗ್ತೈತ್ರಿ" ಅಂದಳು. ಒಳಗೆ ರಕ್ತ ಕೆಟ್ಟಿದೆ ಅಂತ ಪಾಪ ಎರಡು ತಿಂಗಳಿಂದ ಹೆದರಿಕೊಂಡಿದ್ದಾಳೆ. ಮನೆಯಲ್ಲೂ ಹೇಳಿಲ್ಲ. ಅವಳ ಉತ್ತರಪತ್ರಿಕೆಗೆ ಪೂರ್ತಿ ಅಂಕ ಕೊಟ್ಟವಳು ನಾನೇ. ಆ ರಾತ್ರಿ ನಿದ್ದೆ ಬರಲಿಲ್ಲ.

ನಿಮ್ಮ ಶಾಲೆಗಳಲ್ಲಿ ಇದನ್ನು ಹೇಗೆ ಅಳೆಯುತ್ತೀರಿ? ಬರೆದದ್ದನ್ನು ನೋಡಿಯೋ, ಮಾಡುವುದನ್ನು ನೋಡಿಯೋ?

ಆರೋಗ್ಯ ಸಿಬ್ಬಂದಿ, ರಾಯಚೂರು

ಮೇಡಂ, ಖಾಲಿ ಹೊಟ್ಟೆಗೆ ನುಂಗಿದರೆ ತೊಳಸುವುದು ಜಾಸ್ತಿ. ಹತ್ತಿ ಬಿಡಿಸುವ ಕಾಲದಲ್ಲಿ ತಾಯಂದಿರು ನಸುಕಿಗೇ ಹೊಲಕ್ಕೆ ಹೋಗಿರ್ತಾರೆ, ಎಷ್ಟೋ ಮಕ್ಕಳು ಏನೂ ತಿನ್ನದೆ ಶಾಲೆಗೆ ಬರ್ತಾರೆ. ಬಿಸಿಯೂಟ ಆದ ಮೇಲೆಯೇ ಕೊಡಿ, ನಿಮ್ಮೆದುರೇ ನುಂಗಲಿ. ಮೈಗೆ ಹತ್ತದೆ ಉಳಿದ ಕಬ್ಬಿಣ ಹೊರಗೆ ಹೋಗುವಾಗ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ ಅಂತ ಮಾತ್ರೆ ಕೊಡುವ ಮೊದಲೇ ಹೇಳಿಬಿಡಿ. ಮಾತ್ರೆ ನುಂಗಿದ ಕೂಡಲೇ ಚಹಾ ಬೇಡ. ನಿಂಬೆಹಣ್ಣು, ಪೇರಲಹಣ್ಣು ಒಳ್ಳೆಯದು.

ನನ್ನ ಪ್ರಕಾರ ಪ್ರತಿ ಹುಡುಗಿಗೂ ತನ್ನ ಹಿಮೋಗ್ಲೋಬಿನ್ ಎಷ್ಟು ಅಂತ ಗೊತ್ತಿರಬೇಕು. 12ರಿಂದ 14 ವರ್ಷದವರಿಗೆ ಅದು ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ.

ಒಬ್ಬ ತಂದೆ, ಕುಷ್ಟಗಿ

ನನ್ನ ಮಗನ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. ಗೆಳೆಯರು ಆಡಿಕೊಳ್ತಾರೆ ಅಂತ ಬಚ್ಚಲಲ್ಲಿ ಇಟ್ಟಿಗೆ ಪುಡಿ ಹಚ್ಚಿ ತಿಕ್ಕುತ್ತಿದ್ದ. ಒಂದಿನ ವಸಡಿನಿಂದ ರಕ್ತ ಬಂದಾಗ ನಮಗೆ ಗೊತ್ತಾಯಿತು. ಅದು ಕೊಳೆ ಅಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ, ಹಲ್ಲು ಬೆಳೆಯುವಾಗಲೇ ಒಳಗೆ ಕೂತ ಕಲೆ. ತಿಕ್ಕಿದರೆ ಹೋಗಲ್ಲ.

ನೀರು ಕುದಿಸಿ ಕುಡಿಯಬೇಕು ಅಂತ ಶಾಲೆಯಲ್ಲಿ ಕಲಿತು ಬಂದಿದ್ದ, ಮನೆಯಲ್ಲಿ ಹಾಗೇ ಮಾಡ್ತಿದ್ವಿ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ಇನ್ನೂ ಏರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಜಿಲ್ಲೆಯ ಮಕ್ಕಳಿಗೆ ಇದನ್ನು ಐದನೇ ತರಗತಿಯಲ್ಲೇ ಹೇಳಬೇಕು, ಕೈ ಮುಗಿದು ಕೇಳ್ತೀನಿ.

ಪ್ರೌಢಶಾಲಾ ಶಿಕ್ಷಕ, ಸಿರುಗುಪ್ಪ

ಮುಟ್ಟಿನ ಪಾಠಕ್ಕೆ ಹುಡುಗರನ್ನು ಹೊರಗೆ ಕಳಿಸಬೇಡಿ. ನಾನು ಇಬ್ಬರನ್ನೂ ಕೂರಿಸಿಯೇ ಹೇಳ್ತೀನಿ. ಮೊದಲ ದಿನ ಕಿಸಿಕಿಸಿ ನಗ್ತಾರೆ, ಎರಡನೇ ದಿನ ಪ್ರಶ್ನೆ ಕೇಳ್ತಾರೆ. ತೊಂದರೆಯಲ್ಲಿರುವ ಮಕ್ಕಳಿಗಾಗಿ ಇರುವ 1098 ಸಹಾಯವಾಣಿ ನಂಬರ್ ಕೂಡ ಎಲ್ಲರಿಗೂ ಬಾಯಿಪಾಠ ಇರಲಿ.

ವಿಜ್ಞಾನ ಶಿಕ್ಷಕಿ, ಕೊಪ್ಪಳ ಜಿಲ್ಲೆ

ಎಲ್ಲರಿಗೂ ಧನ್ಯವಾದ. ಕುಷ್ಟಗಿಯ ಅಣ್ಣಾ, ನಿಮ್ಮ ಮಾತು ಓದಿ ನಮ್ಮ ಮಕ್ಕಳ ಹಲ್ಲು ನೋಡಿದೆ. ನಮ್ಮಲ್ಲೂ ಇದೆ. ಶಾಲೆಯ ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕಳಿಸ್ತಿದ್ದೇನೆ, ಬಾಟಲಿ ತುಂಬೋದು ಮಕ್ಕಳೇ.

ಮಾತ್ರೆ ಈಗ ಊಟವಾದ ಮೇಲೆ. ಇನ್ನು ಮುಂದೆ ಬರೀ ಬರವಣಿಗೆಗೆ ಅಂಕ ಇಲ್ಲ. ಕಲಿತದ್ದನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ಹೇಳಬೇಕು. ಕಿವಿಯಲ್ಲಿ ಹೇಳಿದ ಆ ಹುಡುಗಿಯನ್ನು ಕೇಳಿದೆ, ಏಳನೇ ತರಗತಿಯವರಿಗೆ ಮಾತ್ರೆ ಬಗ್ಗೆ ಹೇಳ್ತೀಯಾ ಅಂತ. ಸ್ವಲ್ಪ ಹೊತ್ತು ಲಂಗದ ಅಂಚು ತಿರುವುತ್ತಾ ನಿಂತಳು. "ಹೇಳ್ತೀನ್ರಿ. ಆದ್ರ ನೀವೂ ಬಾಜೂಕ ನಿಂದರಬೇಕು" ಅಂದಳು. ಸೋಮವಾರ ನಿಲ್ತೀನಿ.