‘ಸಹಕಾರಿ ಕಲಿಕೆ’ಯೋ ‘ಕೂಡುಕಲಿಕೆ’ಯೋ?

ಮಾನ್ಯರೇ,

ಪ್ರೌಢಶಾಲೆಯ ದೈಹಿಕ ಶಿಕ್ಷಕರಿಗಾಗಿ ಬ್ಯಾಸ್ಕೆಟ್‌ಬಾಲ್ ಕಲಿಸುವ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದು, ಒಂದು ಪದದ ಬಳಿ ನಿಂತಿದ್ದೇನೆ. ಮಕ್ಕಳನ್ನು ನಾಲ್ಕೈದು ಜನರ ಗುಂಪುಗಳಾಗಿ ಮಾಡಿ, ಗುಂಪಿನಲ್ಲಿ ಒಬ್ಬರು ಹಿಂದುಳಿದರೂ ಉಳಿದವರ ಪಾಠ ಮುಗಿಯದಂತೆ ಹೆಣೆಯುವ ಬೋಧನಾ ವಿಧಾನಕ್ಕೆ ‘ಸಹಕಾರಿ ಕಲಿಕೆ’ ಎಂಬ ಹೆಸರು ರೂಢಿಯಲ್ಲಿದೆ. ‘ಸಹಕಾರಿ’ ಎಂದೊಡನೆ ಹಾಲಿನ ಡೇರಿ, ಪತ್ತಿನ ಸಂಘಗಳು ನೆನಪಾಗುತ್ತವೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡಿನಲ್ಲಿ ಅದು ಸಹಜವೇ, ಅದಕ್ಕೆ ನನ್ನ ಆಕ್ಷೇಪವಿಲ್ಲ. ತೊಡಕಿರುವುದು ‘ಸಹಕರಿಸು’ ಎಂಬ ಕ್ರಿಯಾಪದದಲ್ಲಿ. ‘ದಯವಿಟ್ಟು ಸಹಕರಿಸಿ’ ಎಂದು ಶಾಲೆಯಲ್ಲಾಗಲಿ ಬಸ್ಸಿನಲ್ಲಾಗಲಿ ಹೇಳಿದಾಗ ಅದರ ಅರ್ಥ ಹೆಚ್ಚಾಗಿ ‘ಗಲಾಟೆ ಮಾಡಬೇಡಿ, ಅಡ್ಡಬರಬೇಡಿ’ ಎಂದೇ ಆಗಿರುತ್ತದೆ. ಮಕ್ಕಳ ಕಿವಿಗೆ ಅದು ಸುಮ್ಮನಿರುವುದನ್ನು ಸೂಚಿಸುವ ಪದ.

ಅಂಕಣದಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧವಾದದ್ದು. ಲೇಅಪ್ (ಓಡುತ್ತ ಬಂದು, ಬುಟ್ಟಿಯ ಹತ್ತಿರ ಜಿಗಿದು ಚೆಂಡನ್ನು ಒಳಗೆ ಹಾಕುವ ಪಟ್ಟು) ಕಲಿಸುವಾಗ ನಾಲ್ವರಿಗೆ ಒಂದೇ ಚೆಂಡು ಕೊಡುತ್ತೇವೆ: ಒಬ್ಬಳು ಚೆಂಡು ಪುಟಿಸುತ್ತ ಬುಟ್ಟಿಯತ್ತ ಓಡುತ್ತಾಳೆ, ಇನ್ನೊಬ್ಬಳು ಅವಳ ಪಾದಗಳನ್ನಷ್ಟೇ ನೋಡುತ್ತ ‘ಬಲ, ಎಡ, ಜಿಗಿ’ ಎಂದು ಕೂಗುತ್ತಾಳೆ, ಮೂರನೆಯವಳು ಚೀಟಿಯಲ್ಲಿ ಗುರುತು ಹಾಕುತ್ತಾಳೆ, ನಾಲ್ಕನೆಯವಳು ಚೆಂಡು ಹಿಡಿದು ಮರಳಿಸುತ್ತಾಳೆ, ಬಳಿಕ ಸರದಿ ಬದಲಾಗುತ್ತದೆ. ಎಡಗಾಲಿನ ಬದಲು ಬಲಗಾಲಿನಿಂದ ಜಿಗಿದವಳನ್ನು ತಿದ್ದುವವರು ಶಿಕ್ಷಕರಲ್ಲ, ಗೆಳತಿ. ಸಾಮಾನ್ಯ ಆಟದಲ್ಲಿ ಇಡೀ ತಾಸು ಕೈಗೆ ಚೆಂಡೇ ಸಿಗದ ಹುಡುಗಿಗೂ ಇಲ್ಲಿ ಚೆಂಡು ಬಂದೇ ಬರುತ್ತದೆ. ಇಷ್ಟೊಂದು ಮಾತು, ತಿದ್ದುಪಡಿ, ಓಡಾಟ ತುಂಬಿದ ಕಲಿಕೆಗೆ ‘ಸಹಕಾರಿ’ ಎಂಬ ಸಪ್ಪೆ ವಿಶೇಷಣ ಸಾಲದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ‘ಗುಂಪು ಕಲಿಕೆ’ ಇನ್ನೂ ದುರ್ಬಲ, ಏಕೆಂದರೆ ಗುಂಪಿನಲ್ಲಿ ಕೂತು ಒಬ್ಬರೇ ಕಲಿಯಲೂ ಬಹುದು.

ಕೂಡುಕುಟುಂಬ, ಕೂಡುರಸ್ತೆ ಎಂಬ ಪದಗಳ ಜಾಡಿನಲ್ಲಿ ‘ಕೂಡುಕಲಿಕೆ’ ಎನ್ನಬಹುದೆಂದು ತೋರುತ್ತದೆ. ಹುಡುಗ ಹುಡುಗಿಯರು ಒಟ್ಟಿಗೆ ಓದುವುದೆಂಬ ಅರ್ಥ ಬಂದೀತೆಂಬ ಒಂದು ಅಳುಕಿದೆ. ಆದರೆ ಅದಕ್ಕೆ ‘ಸಹಶಿಕ್ಷಣ’ ಆಗಲೇ ನೆಲೆನಿಂತಿದೆ.

ಇದಕ್ಕಿಂತ ಕಠಿಣವಾದ ಪದ ಮತ್ತೊಂದಿದೆ. ಅಮೆರಿಕದ ಡೇವಿಡ್ ಜಾನ್ಸನ್ ಮತ್ತು ರೋಜರ್ ಜಾನ್ಸನ್ ಸಹೋದರರು ಈ ವಿಧಾನಕ್ಕೆ ಹೇಳಿರುವ ಐದು ಅಂಗಗಳಲ್ಲಿ ಮೊದಲನೆಯದು, ‘ನೀನು ದಡ ಸೇರದೆ ನಾನು ಸೇರಲಾರೆ’ ಎಂಬ ಸಂಬಂಧ. ಅದನ್ನು ‘ಧನಾತ್ಮಕ ಪರಸ್ಪರಾವಲಂಬನೆ’ ಎಂದು ಬರೆದರೆ ಮೈದಾನದಲ್ಲಿ ನಿಂತ ಶಿಕ್ಷಕರು ಅದನ್ನು ಬಾಯಲ್ಲಿ ಆಡಲಾರರು. ನಮ್ಮ ಹೊಲಗಳ ‘ಮುಯ್ಯಿ’ ಹತ್ತಿರ ಬರುತ್ತದೆ. ಇಂದು ನಿಮ್ಮ ನಾಟಿಗೆ ನಾವು, ನಾಳೆ ನಮ್ಮ ನಾಟಿಗೆ ನೀವು. ಆದರೆ ಅದರಲ್ಲಿ ಲೆಕ್ಕ ತೀರಿಸುವ ಭಾವವಿದೆ, ‘ಮುಯ್ಯಿ ತೀರಿಸಿಕೊಂಡ’ ಎಂದರೆ ಸೇಡಿನ ಅರ್ಥವೂ ಇದೆ.

ನಿಮ್ಮ ಸೀಮೆಯ ಆಡುಮಾತಿನಲ್ಲಿ, ಒಬ್ಬರ ಕೆಲಸ ನಿಂತರೆ ಎಲ್ಲರದೂ ನಿಲ್ಲುವ ಇಂಥ ಕೂಟಕ್ಕೆ ಬೇರೆ ಪದವಿದೆಯೇ? ‘ಕೂಡುಕಲಿಕೆ’ಯನ್ನು ಈಗಾಗಲೇ ಯಾರಾದರೂ ಬಳಸಿದ್ದರೆ, ಯಾವ ಅರ್ಥದಲ್ಲಿ ಬಳಸಿದ್ದೀರಿ ಎಂಬುದನ್ನು ದಯವಿಟ್ಟು ತಿಳಿಸಿ.