ಸಹಾಯ ಬೇಕು: ರ‍್ಯಾಲಿ ಸೀಟು ಸಿಗುವ ಹಾಗಿದೆ, ಪ್ರಾಯೋಜಕರು ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಸ್ವಂತ ದುಡ್ಡು ಹಾಕಿ ಕಾರ್ ರ‍್ಯಾಲಿ ಓಡಿಸುವವನು. ಇಷ್ಟು ದಿನ ರ‍್ಯಾಲಿ4 ಕಾರು, ಅಂದರೆ ಮುಂದಿನ ಚಕ್ರಗಳಿಗಷ್ಟೇ ಡ್ರೈವ್ ಇರುವುದು. ಈಗ ಒಂದು ತಂಡ ರ‍್ಯಾಲಿ2 ಸೀಟು ಕೊಡಲು ಒಪ್ಪಿದೆ. ಅದು ಮೇಲಿನ ವರ್ಗದ ಕಾರು: 1.6 ಲೀಟರ್ ಟರ್ಬೊ, ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಗಳಿಗೆ ಡ್ರೈವ್. ಆದರೆ ದುಡ್ಡು ನಾನೇ ತರಬೇಕು.

ಕಾರಿನ ಬಾಡಿಗೆ ಒಂದೇ ಆಗಿದ್ದರೆ ಹೇಗೋ ಹೊಂದಿಸುತ್ತಿದ್ದೆ. ಟೈರು, ಎಂಟ್ರಿ ಫೀ, ರೆಕ್ಕಿಗೆ (ಮೊದಲೇ ದಾರಿ ನೋಡಿಕೊಂಡು ಬರಲು) ಬೇರೆ ಕಾರು, ಪಕ್ಕದಲ್ಲಿ ಕೂತು ದಾರಿ ಹೇಳುವ ಕೋ-ಡ್ರೈವರ್ ಓಡಾಟ ಎಲ್ಲಾ ಸೇರುತ್ತದೆ. ಎಲ್ಲಕ್ಕಿಂತ ಜಾಸ್ತಿ ಹೆದರಿಕೆ, ಕಾರಿಗೆ ಹಾನಿಯಾದರೆ ಹಿಡಿದುಕೊಳ್ಳಲು ಮೊದಲೇ ಇಡಿಸಿಕೊಳ್ಳುವ ಡ್ಯಾಮೇಜ್ ಡೆಪಾಸಿಟ್‌ದು. ಒಂದು ಕಲ್ಲು ತಾಗಿ ಸಸ್ಪೆನ್ಷನ್ ಮುರಿದರೆ ಅದರ ಖರ್ಚೂ ನನ್ನ ತಲೆ ಮೇಲೆಯೇ ಅಲ್ವಾ?

ಕಳೆದ ಸೀಸನ್‌ನಲ್ಲಿ ಒಬ್ಬ ಪ್ರಾಯೋಜಕರು ಮಾತು ಕೊಟ್ಟು, ರ‍್ಯಾಲಿಗೆ ಎರಡು ವಾರ ಇರುವಾಗ ಹಿಂದೆ ಸರಿದರು. ಕೋ-ಡ್ರೈವರ್‌ಗೆ ಫೋನ್ ಮಾಡಿ ಹೇಳುವಾಗ ನನ್ನ ಗಂಟಲು ಕಟ್ಟಿತ್ತು. ಅವರು ರಜೆ ಹಾಕಿ ಕಾಯುತ್ತಿದ್ದರು.

ಅನುಭವ ಇರುವವರು ದಯವಿಟ್ಟು ಹೇಳಿ. ಬಾಗಿಲ ಮೇಲೆ ಸುಮ್ನೆ ಒಂದು ಸ್ಟಿಕ್ಕರ್ ಅಂದರೆ ಕಂಪನಿಗಳು ಒಪ್ಪುವುದಿಲ್ಲ, ಅದು ಗೊತ್ತಾಗಿದೆ. ಅವರ ಗ್ರಾಹಕರನ್ನು ಸರ್ವಿಸ್ ಪಾರ್ಕಿಗೆ (ರ‍್ಯಾಲಿ ನಡುವೆ ಕಾರು ರಿಪೇರಿ ಮಾಡುವ ಜಾಗ) ಕರೆಯುವುದು, ಟೆಸ್ಟ್ ದಿನ ಪಕ್ಕದ ಸೀಟಿನಲ್ಲಿ ಕೂರಿಸುವುದು, ಇವು ಕೆಲಸ ಮಾಡಿವೆಯೇ? ಒಪ್ಪಂದದಲ್ಲಿ ಮುಂಗಡ ಎಷ್ಟು ಪಾಲು ಕೇಳಬೇಕು? ಇಲ್ಲ, ಈ ವರ್ಷ ಖರ್ಚು ಕಡಿಮೆ ಇರುವ ರ‍್ಯಾಲಿ3 ಕಾರಿನಲ್ಲೇ ಫೋರ್ ವೀಲ್ ಡ್ರೈವ್ ಕಲಿಯುವುದು ಒಳ್ಳೆಯದೇ? ತಂಡಕ್ಕೆ ಬೇಗ ಉತ್ತರ ಕೊಡಬೇಕಿದೆ.